ಮೂಲೆಯ ಹೆಸರು

ಲೋಕೇಶನ ಕೋಪ ಮೈಸೂರಿನ ನಜರ್‌ಬಾದಿನಲ್ಲಿ ಗೊತ್ತಿಲ್ಲದವರಿಲ್ಲ. ವಿದ್ಯಾರಣ್ಯಪುರಂನವರಿಗೂ ಗೊತ್ತು. ಅಲ್ಲಿಗೆ ಅದನ್ನು ತಲುಪಿಸಿದ್ದು ಒಂದು ಹೋಟೆಲಿನ ಬೋರ್ಡು.

ಹದಿನೆಂಟು ವರ್ಷದ ಹಿಂದಿನ ಮಾತು. ಸುಂದರೇಶ ಎಂಬವರು ಅಲ್ಲಿ ಹೋಟೆಲು ತೆಗೆದು, ಬೋರ್ಡು ಬರೆಯಲು ಲೋಕೇಶನನ್ನು ಕರೆಸಿದ್ದರು. ಲೋಕೇಶ ಏಣಿ ಹತ್ತಿ 'ಶ್ರೀ ಮಂಜು' ಎಂದು ಬರೆದು ಮುಂದಿನ ಅಕ್ಷರಕ್ಕೆ ಕುಂಚ ಅದ್ದುವಾಗ ಸುಂದರೇಶರು ಕೆಳಗೆ ನಿಂತು, "ಸ್ವಲ್ಪ ಬೇಗ ಕೈ ಆಡಿಸ್ರೀ, ಸುಣ್ಣ ಹೊಡೆಯೋನೂ ಇಷ್ಟೊತ್ತು ತಗೊಳಲ್ಲ" ಅಂದರು. ಅಷ್ಟೇ ಸಾಕಾಯಿತು. ಲೋಕೇಶ ಇಳಿದ, ಡಬ್ಬಿ ಮುಚ್ಚಿದ, ಏಣಿಯನ್ನು ಸೈಕಲ್ಲಿಗೆ ಕಟ್ಟಿದ. "ಅಂಗಾದ್ರೆ ಸುಣ್ಣ ಹೊಡೆಯೋನ್ನೇ ಕರಸ್ಕೊಳಿ. ಮಿಕ್ಕಿದ್ದ ಅವನೇ ಬರೀಲಿ" ಎಂದು ಹೊರಟೇಬಿಟ್ಟ. ಒಬ್ಬ ಅರ್ಧ ಬರೆದ ಬೋರ್ಡನ್ನು ಇನ್ನೊಬ್ಬ ಮುಟ್ಟುವುದು ಆ ಕಸುಬಿನಲ್ಲಿ ಇಲ್ಲ. ಹಾಗಾಗಿ ನಾಲ್ಕು ತಿಂಗಳು ಆ ಹೋಟೆಲು 'ಶ್ರೀ ಮಂಜು' ಎಂದೇ ನಡೆಯಿತು. ಕೊನೆಗೆ ಹೆಂಡತಿ ಪ್ರೇಮಲೀಲಾ ಬೈದು ಕಳಿಸಿದ ಮೇಲೆ ಲೋಕೇಶ ಹೋಗಿ 'ನಾಥ ಭವನ' ಸೇರಿಸಿ ಬಂದ. ಅಷ್ಟರಲ್ಲಿ ಹಳೆಯ ಡಬ್ಬಿ ಒಣಗಿ ಕಲ್ಲಾಗಿತ್ತು. ಹೊಸ ಡಬ್ಬಿಯ ಕೆಂಪು ಬೇರೆ ಥರ ಕೂತಿತು. ಆಮೇಲೆ ಆ ಬೋರ್ಡಿನ ಮಾತೇ ಅವನು ಎತ್ತಲಿಲ್ಲ.

ಹುಟ್ಟು ಸ್ವಭಾವವೇ ಹಾಗೆ. ಅಪ್ಪ ಜವರಯ್ಯ ನಂಜನಗೂಡು ಕಡೆಯ ಹಳ್ಳಿ ಬಿಟ್ಟು ಬಂದು ಮೈಸೂರಿನ ಮಂಡಿಯಲ್ಲಿ ಮೂಟೆ ಹೊತ್ತು ಸಂಸಾರ ಸಾಕಿದವರು. ಮಗನನ್ನು ಓದಿಸುವ ಆಸೆ ಇತ್ತು. ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿದರು, ಮಗ ಮೇಷ್ಟ್ರ ಕೈ ಕಚ್ಚಿ ಓಡಿ ಬಂದ. ಆ ಗೇಟಿನ ಕಡೆ ಮತ್ತೆ ತಲೆ ಹಾಕಲಿಲ್ಲ. ಜವರಯ್ಯ ಅವನನ್ನು ಕರೆದುಕೊಂಡು ಹೋಗಿ ಬೋರ್ಡ್ ಬರೆಯುವ ಪುಟ್ಟಮಾದಯ್ಯನವರ ಮುಂದೆ ನಿಲ್ಲಿಸಿ, "ಕಚ್ತಾನೆ, ಉಷಾರು" ಎಂದು ಹೇಳಿ ಬಿಟ್ಟು ಬಂದರು.

ಪುಟ್ಟಮಾದಯ್ಯನವರು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಎರಡು ಮಾತು ಹೇಳಿಕೊಟ್ಟರು. ಹಳೇ ಬಣ್ಣದ ಮೇಲೆ ಹೊಸ ಅಕ್ಷರ ಬರೆಯಬೇಡ, ಬುಡದ ತನಕ ಕೆರೆದು, ಬಿಳಿ ಬಳಿದು, ಒಣಗಿಸಿ ಆಮೇಲೆ ಬರಿ. ಇದು ಮೊದಲನೆಯದು. ಎರಡನೆಯದು, ಬೋರ್ಡೆಲ್ಲ ಮಾಲೀಕನದು, ಆದರೆ ಬಲಗಡೆಯ ಕೆಳಮೂಲೆ ಬರೆದವನದು. ಅದನ್ನು ಯಾವ ಸಾಹುಕಾರನಿಗೂ ಬಿಟ್ಟುಕೊಡಬೇಡ.

ಏಳು ವರ್ಷ ಲೋಕೇಶ ಆ ಮೂಲೆಯಲ್ಲಿ 'ಮಾದು ಆರ್ಟ್ಸ್' ಎಂದು ಗುರುವಿನ ಹೆಸರನ್ನೇ ಬರೆದ. ಎಂಟನೇ ವರ್ಷ ಪುಟ್ಟಮಾದಯ್ಯನವರ ಕಣ್ಣಿಗೆ ಪೊರೆ ಬಂತು. ಒಂದು ದಿನ ಅವರು, "ಇವತ್ತು ನಿಂದೇ ಬರ್ಕೊ" ಅಂದರು. 'ಲೋಕೇಶ್ ಆರ್ಟ್ಸ್, ನಜರ್‌ಬಾದ್.' ಬರೆದ ಮಾರನೇ ದಿನ ಬೆಳಗ್ಗೆ ಬೇರೆ ಕೆಲಸವಿಲ್ಲದಿದ್ದರೂ ಸೈಕಲ್ ತುಳಿದುಕೊಂಡು ಆ ಅಂಗಡಿಯ ಮುಂದೆ ಮೂರು ಸಲ ಹೋದ, ಮೂರು ಸಲ ಬಂದ.

ಈಗ ಲೋಕೇಶನಿಗೆ ಐವತ್ತೊಂದು. ಬೋರ್ಡು ಬರೆಸುವವರು ಕೈಬೆರಳಲ್ಲಿ ಎಣಿಸುವಷ್ಟು. ಎಲ್ಲ ಫ್ಲೆಕ್ಸು. ಬೇರೆಯವರು ಪ್ರಿಂಟ್ ಮಾಡಿದ ಫ್ಲೆಕ್ಸನ್ನು ಚೌಕಟ್ಟಿಗೆ ಎಳೆದು ಮೊಳೆ ಹೊಡೆಯುವುದು ಅವನ ಈಗಿನ ಕೆಲಸ. ನಡುವೆ ನಂಬರ್ ಪ್ಲೇಟು, ಸ್ಕೂಲ್ ವ್ಯಾನು, ಎಲ್ಲೋ ಒಂದು ಹಳೇ ಅಂಗಡಿ. ತನ್ನ ಕೆಲಸದ ಒಂದು ಫೋಟೋ ಕೂಡ ಅವನಲ್ಲಿ ಇರಲಿಲ್ಲ. ಯಾರಾದರೂ ಕೇಳಿದರೆ, "ಊರೇ ನನ್ನ ಆಲ್ಬಮ್ಮು, ಸುತ್ತಾಡ್ಕೊಂಡ್ ನೋಡ್ರಿ" ಎನ್ನುತ್ತಿದ್ದ. ಒಂದು ಬೋರ್ಡನ್ನು ಕೆರೆದು ಹಾಕುವಾಗ ಅವನಿಗೆ ಎಂದೂ ಬೇಜಾರಾಗಿದ್ದಿಲ್ಲ. ಹಲಗೆ ಬೋಳಾದರೆ ಏನಂತೆ, ಅಕ್ಷರ ಬರೆದವನ ಕೈಯಲ್ಲೇ ಇದೆಯಲ್ಲ.

ಮಗಳು ಹೇಮಶ್ರೀ ನಾಲ್ಕು ವರ್ಷದ ಡಿಸೈನ್ ಕೋರ್ಸಿನ ಕೊನೆಯಲ್ಲಿದ್ದಳು. ಗೋಕುಲಂನಲ್ಲಿ ಧರಣಿ ಎಂಬ ಹೆಂಗಸು ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದರು. ಮ್ಯೂಸಿಯಮ್ಮುಗಳಿಗೆ, ಹಳೇ ಕಟ್ಟಡಗಳಿಗೆ ಕನ್ನಡದಲ್ಲಿ ಫಲಕ ಮಾಡುವುದು, ಹೊಸ ಅಕ್ಷರ ರೂಪಿಸುವುದು ಅವರ ಕೆಲಸ. ಅಲ್ಲಿಗೆ ಈ ವರ್ಷ ಒಬ್ಬರು ಬೇಕಾಗಿದ್ದರು, ಒಬ್ಬರೇ. ಹೇಮಶ್ರೀಗೆ ಬೇಕಾಗಿದ್ದದ್ದೂ ಅದೊಂದೇ. ಮಾಡಿದ ಕೆಲಸವನ್ನೆಲ್ಲ ಒಂದು ಕಡೆ ಹಾಕಿ, ಶನಿವಾರ ಮಧ್ಯಾಹ್ನದೊಳಗೆ ಅದರ ಲಿಂಕ್ ಕಳಿಸಬೇಕಿತ್ತು. ಸೋಮವಾರ ಮುಖಾಮುಖಿ ಮಾತು.

"ಲಿಂಕ್ ಯಾಕವ್ವ? ಒಂದು ಫೈಲ್ ಮಾಡ್ಕೊಂಡ್ ಹೋಗು. ನಾನೇ ಗಟ್ಟಿ ರಟ್ಟು ಹಾಕಿ, ಮೇಲೆ ನಿನ್ನ ಹೆಸರು ಬರೆದ್ಕೊಡ್ತೀನಿ" ಅಂದ ಲೋಕೇಶ, ಆ ಮಂಗಳವಾರ ಕಾಫಿ ಕುಡಿಯುತ್ತ.

"ಫೈಲ್ ಈಗ ಯಾರೂ ಬಿಚ್ಚಲ್ಲಪ್ಪ. ಎಲ್ರೂ ಲಿಂಕೇ ಕೇಳೋದು. ಕಾಸು ಕೊಟ್ಟು ಮಾಡ್ಸೋದೂ ಇದೆ, ಬಿಟ್ಟಿ ಸಿಗೋದೂ ಇದೆ. ನಾನು ಬಿಟ್ಟಿದು ನೋಡ್ತಾ ಇದೀನಿ."

"ಬಿಟ್ಟಿ ಕೊಡೋನು ಏನೋ ಕಿತ್ಕೊಳಕ್ಕೇ ಕೊಡೋದು ಕಣಮ್ಮ."

"ಕೇಳಿಲ್ಲಿ" ಎಂದು ಹೇಮಶ್ರೀ ಬೆರಳು ಮಡಿಸಿದಳು. "ಡಿಸೈನ್ ಮಾಡೋರೆಲ್ಲ ಹಾಕೋ ದೊಡ್ಡ ಸೈಟ್ ಒಂದಿದೆ. ಚೆನ್ನಾಗಿದೆ, ಆದ್ರೆ ನನ್ನ ಪಕ್ಕದಲ್ಲೇ ಲಕ್ಷ ಜನ ಇರ್ತಾರೆ."

"ದೇವರಾಜ ಮಾರ್ಕೆಟ್ ಇದ್ದಂಗೆ."

"ಹೂಂ, ಹಂಗೇ ಅನ್ಕೋ. ಇಲ್ಲಾಂದ್ರೆ ಎಲ್ಲಾನೂ ಒಂದು ಪಿಡಿಎಫ್ ಮಾಡಿ ಡ್ರೈವಿಗೆ ಹಾಕಿ ಅದರ ಲಿಂಕ್ ಕಳಿಸೋದು. ನನ್ನದು ಫೋಟೋ ಜಾಸ್ತಿ, ಫೋನಲ್ಲಿ ತೆಗೆದ್ರೆ ಚಕ್ರ ಸುತ್ತುತ್ತಾನೇ ಇರತ್ತೆ. ಮೂರನೇದು, ಸ್ವಂತ ಪುಟ. ನನಗೆ ಬೇಕಾದಂಗೆ ಜೋಡಿಸ್ಬಹುದು. ಅದನ್ನೇ ಮಾಡ್ತೀನಿ."

"ಅದನ್ನ ಕೊಡೋನ್ ಏನ್ ತಿಂತಾನೆ?"

"ಅವನ ಹೆಸರು ಸಣ್ಣದಾಗಿ ಒಂದ್ಕಡೆ ಇರತ್ತೆ ಅಷ್ಟೇ."

ಎಲ್ಲಿ ಇರುತ್ತದೆ ಎಂದು ಲೋಕೇಶ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಹೇಮಶ್ರೀಯ ಲ್ಯಾಪ್‌ಟಾಪ್ ಯಾರೋ ಬಳಸಿ ಬಿಟ್ಟದ್ದು, ಹತ್ತು ಫೋಟೋ ಹಾಕಿದರೆ ಏದುಸಿರು ಬಿಡುತ್ತಿತ್ತು. ಬುಧವಾರ ಅವಳು ಮೂರನೇ ಬೀದಿಯ ರಾಹುಲನ ಫ್ಲೆಕ್ಸ್ ಅಂಗಡಿಗೆ ಹೋಗಿ, ಅವನ ಕಂಪ್ಯೂಟರಿನಲ್ಲಿ ಕೂತು ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಪುಟಕ್ಕೆ ಏರಿಸಿದಳು. ಫೋನೂ ತುಂಬಿ ಉಸಿರು ಕಟ್ಟಿತ್ತು. ಪುಟದಲ್ಲಿ ಇವೆಯಲ್ಲ ಎಂಬ ಧೈರ್ಯದಲ್ಲಿ ಫೋನಿನಿಂದ ಅಳಿಸಿದಳು. ಅವಸರದಲ್ಲಿ ತನ್ನ ಖಾತೆಯಿಂದ ಹೊರಗೆ ಬರದೆ ಎದ್ದು ಬಂದಳು. ಶುಕ್ರವಾರ ಬೆಳಗ್ಗೆ ಧರಣಿಯವರಿಗೆ ಲಿಂಕ್ ಹೋಯಿತು.

ಅವತ್ತು ಸಾಯಂಕಾಲ ಅಪ್ಪ ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದಳು. ಅವನು ಕೈಕಾಲು ತೊಳೆದು ಕೂತ ಮೇಲೆ ಫೋನು ಕೊಟ್ಟು, "ನೋಡು. ನಿಧಾನಕ್ಕೆ ನೋಡು" ಅಂದಳು. ಏನೋ ಅಡಗಿಸಿಟ್ಟುಕೊಂಡ ಮುಖ.

ಲೋಕೇಶ ಫೋನನ್ನು ತೋಳಿನಷ್ಟು ದೂರ ಹಿಡಿದ. ಬೋರ್ಡ್ ಬರೆಯುವವನ ಕಣ್ಣು ಯಾವ ಬೋರ್ಡ್ ಕಂಡರೂ ಮೊದಲು ಹೋಗುವುದು ಬಲಗಡೆಯ ಕೆಳಮೂಲೆಗೆ. ಇವನ ಕಣ್ಣೂ ಅಲ್ಲಿಗೇ ಹೋಯಿತು. ಅಲ್ಲಿ ಒಂದು ಕಪ್ಪು ಪಟ್ಟಿ. ಪಟ್ಟಿಯೊಳಗೆ ಇಂಗ್ಲಿಷಿನಲ್ಲಿ ಯಾವುದೋ ಕಂಪನಿಯ ಹೆಸರು.

"ಇದ್ಯಾರು?"

"ಅದೇ, ಬಿಟ್ಟಿ ಕೊಟ್ಟೋರು. ಅದು ಬಿಡು, ಮೇಲೆ ನೋಡು."

ಲೋಕೇಶ ಹೆಬ್ಬೆರಳಲ್ಲಿ ಸರಿಸಿದ. ಪುಟ ಸರಿಯಿತು, ಪಟ್ಟಿ ಸರಿಯಲಿಲ್ಲ. ಇನ್ನೊಂದು ಸಲ ಜೋರಾಗಿ ಸರಿಸಿದ. ಎಷ್ಟು ಸರಿಸಿದರೂ ಅದು ಅಲ್ಲೇ, ಮೂಲೆಯಲ್ಲೇ. ಅವನ ಕಣ್ಣೂ ಅಲ್ಲೇ.

"ಹಿಂದಿಂದೇನೇ ಬರ್ತದಲ್ಲೇ ಇದು! ಕೆಲಸ ನಿಂದು, ಮೂಲೇಲಿ ಹೆಸರು ಅವನದಾ? ಯಾವನವನು? ಒಂದು ಗೆರೆ ಎಳೆದಿದಾನಾ ಅವನು?"

"ಅಪ್ಪ, ಎಲ್ಲಾರ್ದೂ ಹಂಗೇ ಇರೋದು. ತೆಗೀಬೇಕು ಅಂದ್ರೆ ಕಾಸು ಕಟ್ಟಬೇಕು. ಧರಣಿ ಮೇಡಂ ಅದನ್ನೆಲ್ಲ ನೋಡಲ್ಲ..."

"ನೋಡದೆ ಏನು? ಮೊದಲು ಕಾಣೋದೇ ಅದು! ನನ್ನ ಮಗಳು ಇನ್ನೊಬ್ಬನ ಕೈಕೆಳಗೆ ಕೂಲಿ ಮಾಡ್ದಂಗೆ ಕಾಣ್ತದೆ."

ಹೇಮಶ್ರೀ ಫೋನು ಕಿತ್ತುಕೊಂಡಳು. "ಒಳಗೆ ಏನಿದೆ ಅಂತ ನೀನು ನೋಡ್ಲೇ ಇಲ್ಲ."

"ಏನ್ ನೋಡೋದು, ಮೂಲೇನೇ ಹೋದ್ಮೇಲೆ?"

ಒಲೆಯ ಮುಂದಿನಿಂದ ಪ್ರೇಮಲೀಲಾ, "ಏಳು ವರ್ಷ ನೀವ್ ಯಾರ ಹೆಸರು ಬರೆದ್ರಿ ಮೂಲೇಲಿ? ಆಗ ಮೈ ಉರೀಲಿಲ್ವಾ?" ಅಂದಳು.

"ಅವರು ಗುರುಗಳು ಕಣೇ! ಇವನ್ಯಾವ ಗುರು?" ಲೋಕೇಶ ಅಂಗಿ ಸಿಕ್ಕಿಸಿಕೊಂಡು ಹೊರಗೆ ಹೋದ. ಹೇಮಶ್ರೀ ಫೋನನ್ನು ಮಗುಚಿಟ್ಟಳು. ಆ ಸಾಯಂಕಾಲ ಅಪ್ಪನಿಗೆ ಕೊಡಬೇಕೆಂದಿದ್ದ ಒಂದು ಖುಷಿ ಹಾಗೇ ಉಳಿಯಿತು.

ಲೋಕೇಶನ ಕೋಪಕ್ಕೆ ಒಂದು ಕೆಟ್ಟ ಗುಣವಿದೆ. ಕೂಗಾಡಿ ಮುಗಿಯುವುದಿಲ್ಲ, ಏನಾದರೂ ಮಾಡಿ ಮುಗಿಯಬೇಕು. ಶನಿವಾರ ಬೆಳಗ್ಗೆ ಹತ್ತೂವರೆಗೆ ಅವನು ರಾಹುಲನ ಅಂಗಡಿಯಲ್ಲಿದ್ದ. ರಾಹುಲ ಮೂವತ್ತು ದಾಟಿದ ಗೃಹಸ್ಥ, ಸ್ವಂತ ಅಂಗಡಿಯ ಧಣಿ, ಆದರೂ ಲೋಕೇಶನನ್ನು ಕಂಡರೆ ಕುರ್ಚಿಯಿಂದ ಅರ್ಧ ಏಳುತ್ತಿದ್ದ. ಫ್ಲೆಕ್ಸಿನಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಲೋಕೇಶ ಒಮ್ಮೆ ಇಡೀ ಚೌಕಟ್ಟನ್ನೇ ಬೀದಿಗೆ ಎಸೆದಿದ್ದ. ಅದು ರಾಹುಲನಿಗೆ ಮರೆತಿರಲಿಲ್ಲ.

"ನಮ್ಮ ಹೇಮಂದು ಅದೇನೋ ಪುಟ ಐತಲ್ಲ, ತೆಗಿ."

ರಾಹುಲ ತೆಗೆದ. ಖಾತೆ ತೆರೆದೇ ಇತ್ತು. ದೊಡ್ಡ ಪರದೆಯ ಮೂಲೆಯಲ್ಲಿ ಅದೇ ಕಪ್ಪು ಪಟ್ಟಿ. ಲೋಕೇಶನ ಕಣ್ಣು ಅದನ್ನು ಬಿಟ್ಟು ಮೇಲಕ್ಕೆ ಹೋಗಲೇ ಇಲ್ಲ.

"ಇದು ಹೋಗಬೇಕು."

"ಇಲ್ಲಿ ಹೋಗಲ್ಲ ಸಾರ್. ಬೇರೆ ಕಡೆ ಹೊಸದಾಗಿ ಮಾಡ್ಕೊಂಡ್ರೆ ಪಟ್ಟಿ ಇಲ್ದೇ ಮಾಡ್ಬಹುದು, ಅದೂ ಬಿಟ್ಟೀನೇ. ಸ್ವಲ್ಪ ಒದ್ದಾಡ್ಬೇಕು ಅಷ್ಟೇ."

"ಮಾಡು ಮತ್ತೆ. ಮಗೂಗೆ ಸಂಜೆ ಒಳಗೆ ತೋರಿಸ್ಬುಡ್ತೀನಿ."

"ಆಯ್ತು ಸಾರ್. ಹಳೇದು ಹಂಗೇ ಇರ್ಲಿ, ಪಕ್ಕದಲ್ಲಿ ಹೊಸದು..."

"ಹಳೇದು ಇಟ್ಕೊಂಡು ಹೊಸದು ಬರೀತಾರೇನಯ್ಯಾ? ಎಲ್ಲಿ ಕಲ್ತೆ ನೀನು ಕೆಲಸ? ಮೊದಲು ಕೆರಿ. ಪೂರ್ತಿ ಕೆರೆದು, ಬಿಳಿ ಮಾಡಿ, ಆಮೇಲೆ ಬರಿ."

"ಹೇಮಶ್ರೀ ಅವರನ್ನ ಒಂದ್ ಮಾತು ಕೇಳ್ಬುಡೋಣ ಸಾರ್."

"ಅವಳಪ್ಪ ಇಲ್ಲಿ ನಿಂತಿಲ್ವಾ? ನಾನೇನು ಕಂಬವಾ?"

ರಾಹುಲ ಮೌಸು ಒತ್ತಿದ. ಪರದೆಯ ಮೇಲೆ ಒಂದು ಚೌಕ ಎದ್ದಿತು. "ಸಾರ್, ಅಳಿಸಿದ್ರೆ ವಾಪಸ್ ಬರಲ್ಲ ಅಂತ ಕೇಳ್ತಾ ಇದೆ."

"ಬರಬಾರ್ದು. ಕೆರೆದ್ಮೇಲೆ ಯಾವುದಾದ್ರೂ ವಾಪಸ್ ಬಂದಿದ್ದು ನೋಡಿದೀಯಾ? ಒತ್ತು."

ಒತ್ತಿದ. ಪರದೆ ಬೆಳ್ಳಗಾಯಿತು. ಹೊಸದಾಗಿ ಪ್ರೈಮರ್ ಹೊಡೆದ ಹಲಗೆಯ ಹಾಗೆ. ಲೋಕೇಶನಿಗೆ ಎದೆ ಹಗುರಾಯಿತು. ಕುರ್ಚಿ ಎಳೆದುಕೊಂಡು ಕೂತ. ರಾಹುಲ ಬೇರೊಂದು ಸೈಟು ತೆಗೆದು, ಹೊಸ ಖಾತೆ ಮಾಡಿ, ಹತ್ತು ನಿಮಿಷ ಒದ್ದಾಡಿ, "ರೆಡಿ ಸಾರ್. ಫೋಟೋ ಕೊಡಿ" ಅಂದ.

"ಯಾವ ಫೋಟೋ?"

"ಅದ್ರಲ್ಲಿದ್ವಲ್ಲ, ಅವು."

"ಅದ್ರಲ್ಲಿದ್ವಲ್ಲ, ತಗೋ ಮತ್ತೆ."

"ಅದನ್ನ ತೆಗೆದುಬುಟ್ವಲ್ಲ ಸಾರ್."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಡಿಯೊಳಗೆ ಪ್ರಿಂಟರು ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ಕರಕರ ಎಂದು ಹೊರಕ್ಕೆ ತಳ್ಳುತ್ತಿತ್ತು.

"ಅವಳ ಹತ್ರ ಇರ್ತವೆ" ಅಂದ ಲೋಕೇಶ.

"ಬುಧವಾರ ನನ್ನ ಎದುರಿಗೇ ಫೋನಿಂದ ಅಳಿಸಿದ್ರು ಸಾರ್, ಜಾಗ ಇಲ್ಲ ಅಂತ." ರಾಹುಲ ಮತ್ತೆ ಹಳೆಯ ಸೈಟಿಗೆ ಹೋಗಿ ಅಲ್ಲಿ ಇಲ್ಲಿ ಒತ್ತಿ ಹುಡುಕಿದ. ಅರ್ಧ ಗಂಟೆ ಹುಡುಕಿದ. ಏನೂ ಇರಲಿಲ್ಲ. ಕೊನೆಗೆ ಪರದೆಯ ಕಡೆಗೇ ನೋಡುತ್ತ ಮೆಲ್ಲಗೆ ಹೇಳಿದ: "ಎಲ್ಲಾ ನಿಮ್ಮ ಬೋರ್ಡುಗಳೇ ಸಾರ್ ಅವು. ನಲವತ್ತೆರಡು. ಎರಡು ವರ್ಷದಿಂದ ಊರೆಲ್ಲ ಸುತ್ತಿ ತೆಗೆದಿದ್ರಂತೆ. ನಿಮ್ಮ ಅಕ್ಷರ ನೋಡ್ಕೊಂಡು ಹೊಸ ಅಕ್ಷರ ಬರೆದಿದ್ರು. ನಿಮಗೆ ತೋರಿಸಿರ್ತಾರೆ ಅನ್ಕೊಂಡಿದ್ದೆ."

ಲೋಕೇಶ ಕುರ್ಚಿಯಿಂದ ಎದ್ದ.

"ತಲೆ ಮೇಲೇ ದೊಡ್ಡದಾಗಿ ಹಾಕಿದ್ರು ಸಾರ್. 'ಅಕ್ಷರ: ಲೋಕೇಶ್ ಆರ್ಟ್ಸ್, ನಜರ್‌ಬಾದ್. ನೋಡಿ ಕಲಿತವಳು: ಹೇಮಶ್ರೀ' ಅಂತ."

ಆ ಅಂಗಡಿಯಿಂದ ಮನೆಗೆ ಐದು ನಿಮಿಷದ ದಾರಿ. ಲೋಕೇಶನಿಗೆ ಒಂದು ಗಂಟೆ ಹಿಡಿಯಿತು. ಎಷ್ಟೋ ಬೋರ್ಡಿನ ಕೆಳಗೆ ಹಾದು ಹೋದ, ತಲೆ ಎತ್ತಿ ನೋಡಲಿಲ್ಲ. ಹೇಮಶ್ರೀ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಅವನು ಮೆಟ್ಟಿಲ ಮೇಲೆಯೇ ನಿಂತು ಹೇಳಿದ. ಸುತ್ತಿ ಬಳಸಿ ಹೇಳುವ ಅಭ್ಯಾಸ ಅವನಿಗಿಲ್ಲ. "ನಿನ್ನ ಪುಟ ಅಳಿಸಿಬುಟ್ಟೆ. ಪಟ್ಟಿ ತೆಗೆಸೋಕ್ ಹೋಗಿ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಫೋನು ತೆಗೆದು ನೋಡಿದಳು. ಎರಡು ಸಲ ನೋಡಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವನ ರಕ್ತವೇ ತಾನೆ. ಕೂಗಾಡಲಿಲ್ಲ.

"ಒಂದ್ಸಲ ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ಲಿಲ್ಲ" ಅಂದ. ನಿಜ ಅದೇ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಏನು ಉಳಿದಿದೆ ಎಂದು ಗೊತ್ತಾಯಿತು. ಅಪ್ಪನ ಅಕ್ಷರ ನೋಡಿ ಅವಳು ಬರೆದ ಹೊಸ ಅಕ್ಷರಗಳು ಕಾಲೇಜಿನ ಕಂಪ್ಯೂಟರಿನಲ್ಲಿದ್ದವು. ಹಪ್ಪಳದ ಪೊಟ್ಟಣದ ಡಿಸೈನು, ಸಿಟಿ ಬಸ್ಸಿನ ನಕ್ಷೆ, ಇವೂ ಅಲ್ಲೇ ಇದ್ದವು. ಬೋರ್ಡಿನ ಫೋಟೋಗಳಲ್ಲಿ ಗೆಳತಿಗೆ ಯಾವತ್ತೋ ಕಳಿಸಿದ್ದ ಆರು ಸಿಕ್ಕವು. ಮೂವತ್ತಾರು ಹೋಗಿದ್ದವು.

"ಮತ್ತೆ ತೆಗೆಯೋಣ. ಬಾ, ಗಾಡಿ ತೆಗೀತೀನಿ. ಇವತ್ತೇ ಸುತ್ತೋಣ" ಅಂದ ಲೋಕೇಶ.

"ಎಲ್ಲಿ ಅಂತ ಸುತ್ತೋದು? ಅದ್ರಲ್ಲಿ ಮುಕ್ಕಾಲು ಬೋರ್ಡು ಈಗಿಲ್ಲ. ಎಷ್ಟನ್ನ ನೀನೇ ಕೆರೆದಿದೀಯ, ನೆನಪಿದ್ಯಾ?"

ನೆನಪಿತ್ತು. ಅವಳ ಬಾಯಲ್ಲಿ ಕೇಳುವ ತನಕ ಅದು ಲೆಕ್ಕ ಇಡುವ ವಿಷಯ ಎಂದು ಗೊತ್ತಿರಲಿಲ್ಲ.

ಅವನು ಸುಮ್ಮನೆ ಕೂರುವವನಲ್ಲ. ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹಾಸಿದ. ಹೋದ ಬೋರ್ಡುಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಡುತ್ತೇನೆ, ಅದನ್ನೇ ಫೋಟೋ ತೆಗೆದುಕೊ ಎಂದು ಕುಂಚ ಅದ್ದಿದ. ಅಗ್ರಹಾರದ ಬಳೆ ಅಂಗಡಿ, ಇಟ್ಟಿಗೆಗೂಡಿನ ಸೈಕಲ್ ಶಾಪು, ಒಂದೊಂದೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಆರು ಹಾಳೆ ಬರೆದ. ಹೇಮಶ್ರೀ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, ಎದ್ದು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಸಿಕ್ಕ ಆರು ಫೋಟೋಗಳಲ್ಲಿ ಬಳೆ ಅಂಗಡಿಯದೂ ಒಂದು. ಫೋನನ್ನು ಹಾಳೆಯ ಪಕ್ಕದಲ್ಲಿ ಇಟ್ಟಳು.

"ನೋಡಪ್ಪ."

ಫೋಟೋದ 'ಬ' ಒಂದೇ ಎಳೆತಕ್ಕೆ ಬಂದದ್ದು, ಹೊಟ್ಟೆ ತುಂಬಿಕೊಂಡು ಕೂತಿತ್ತು. ಹಾಳೆಯ 'ಬ' ತಿರುವಿನಲ್ಲಿ ನಡುಗಿತ್ತು. ಐದು ವರ್ಷದಿಂದ ಮೊಳೆ ಹೊಡೆಯುವ ಕೈ. ಕೈಯಲ್ಲೇ ಇವೆ ಎಂದು ಅವನು ನಂಬಿಕೊಂಡು ಬಂದ ಅಕ್ಷರಗಳು ಕೈಯಲ್ಲಿ ಇರಲಿಲ್ಲ.

"ಇದು ಇವತ್ತಿನ ಕೈ" ಅಂದಳು, ಮೆತ್ತಗೆ. "ಆ ಬೋರ್ಡಿನ ಕೈ ಬೇರೆ. ಇದನ್ನ ಅದು ಅಂತ ಹಾಕೋಕಾಗಲ್ಲ."

ಲೋಕೇಶ ಕುಂಚವನ್ನು ಸೀಮೆಎಣ್ಣೆಯಲ್ಲಿ ತೊಳೆದ. ಬಹಳ ಹೊತ್ತು ತೊಳೆದ.

ಹೇಮಶ್ರೀ ಅದೇ ಸೈಟಿನಲ್ಲಿ, ಅದೇ ಕಪ್ಪು ಪಟ್ಟಿಯ ಜೊತೆ ಮತ್ತೊಂದು ಪುಟ ಮಾಡಿದಳು. ಹೊಸದನ್ನು ಕಲಿಯಲು ಹೊತ್ತಿರಲಿಲ್ಲ. ಹಳೇ ವಿಳಾಸ ಮತ್ತೆ ಸಿಗಲಿಲ್ಲ, ಹೊಸ ವಿಳಾಸ ತೆಗೆದುಕೊಂಡು ಧರಣಿಯವರಿಗೆ ಕ್ಷಮೆ ಕೇಳಿ ಬರೆದಳು. ಧರಣಿಯವರು ಶನಿವಾರವೇ ಹಳೇ ಲಿಂಕ್ ಒತ್ತಿ, ಏನೂ ಇಲ್ಲದ ಪುಟ ನೋಡಿ ಆಗಿತ್ತು. 'ಪರವಾಗಿಲ್ಲ, ಸೋಮವಾರ ಬನ್ನಿ' ಎಂದು ಉತ್ತರ ಬಂತು.

ಸೋಮವಾರ ಸ್ಕೂಟರಿನಲ್ಲಿ ಲೋಕೇಶನೇ ಕರೆದುಕೊಂಡು ಹೋದ. ಗೋಕುಲಂನ ಆ ಬೀದಿಯಲ್ಲಿ ಎಳನೀರಿನ ಗಾಡಿಯ ನೆರಳಲ್ಲಿ ನಿಂತ. ಯೋಗ ಮುಗಿಸಿದ ಫಾರಿನ್‌ನವರು ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದರು. ಎಳನೀರಿನವನು "ಕೆತ್ಲಾ ಸಾರ್?" ಅಂದ. ಲೋಕೇಶನಿಗೆ ಕೇಳಿಸಲಿಲ್ಲ. ಸ್ಟುಡಿಯೋದ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ್ದರು. ಚೆನ್ನಾಗಿ ಕೊರೆದಿದ್ದರು. ಕೆಳಮೂಲೆ ಖಾಲಿ ಇತ್ತು.

ಮುಕ್ಕಾಲು ಗಂಟೆಯ ಮೇಲೆ ಹೇಮಶ್ರೀ ಬಂದಳು. ನಡಿಗೆಯಲ್ಲೇ ಗೊತ್ತಾಯಿತು.

"ಅಕ್ಷರ ಚೆನ್ನಾಗಿವೆ ಅಂದ್ರು. ಎಲ್ಲಿಂದ ಬಂದ್ವು, ಮೂಲ ಬೋರ್ಡು ತೋರ್ಸಿ ಅಂದ್ರು. ಆರೇ ಇರೋದು ಅಂದೆ. ಇನ್ನೊಬ್ಬ ಹುಡುಗಿ ಪೂರ್ತಿ ಕೆಲಸ ತೋರಿಸಿದಾಳಂತೆ, ಅವಳನ್ನ ತಗೊಂಡ್ರು." ಗಾಡಿಯಿಂದ ಹೆಲ್ಮೆಟ್ ತೆಗೆದುಕೊಂಡಳು. "ಬೋರ್ಡುಗಳನ್ನ ಮತ್ತೆ ಕೂಡಿಸಿದ್ರೆ ಮುಂದಿನ ವರ್ಷ ಲಿಂಕ್ ಕಳ್ಸಿ ಅಂದ್ರು."

"ಮಿಕ್ಕಿದ್ದು ಏನಾಯ್ತು ಅಂತ ಕೇಳ್ಲಿಲ್ವಾ?"

"ಕೇಳಿದ್ರು. ಕೈತಪ್ಪಿ ಅಳಿಸಿಬುಟ್ಟೆ ಅಂದೆ."

"ಯಾರ ಕೈ ಅಂದೆ?"

"ನನ್ನ ಕೈ." ಅವಳು ಹೆಲ್ಮೆಟ್ ಹಾಕಿಕೊಂಡಳು. "ನಡಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಲೋಕೇಶ ಸ್ಕೂಟರನ್ನು ಮೂರು ಸಲ ಒದ್ದ ಮೇಲೆ ಅದು ಹತ್ತಿಕೊಂಡಿತು.

ಹೇಮಶ್ರೀ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡಳು. ಗಣಪತಿ, ಕಳಶ, ಬಾಳೆಕಂಬ, ದಿನವೂ ಅದೇ. ರಜೆ ಸಿಕ್ಕಾಗ ಒಬ್ಬಳೇ ಹೋಗಿ, ಊರಲ್ಲಿ ಇನ್ನೂ ಉಳಿದಿದ್ದ ಬೋರ್ಡುಗಳ ಫೋಟೋ ತೆಗೆದು ತರುತ್ತಿದ್ದಳು. ಅಪ್ಪನ ಜೊತೆ ಮಾತು ಬಿಡಲಿಲ್ಲ, ಆದರೆ ಎಷ್ಟು ಬೇಕೋ ಅಷ್ಟೇ ಆಡಿದಳು. ಊಟ ಮಾಡಿದ್ಯಾ, ಗಾಡಿ ಕೀ ಎಲ್ಲಿ, ಅಷ್ಟು.

ಜುಲೈಯಲ್ಲಿ ಒಂದು ಬೆಳಗ್ಗೆ ವಿದ್ಯಾರಣ್ಯಪುರಂನಿಂದ ಸುಂದರೇಶರ ಫೋನು. ಹೋಟೆಲನ್ನು ಮಗನಿಗೆ ವಹಿಸುತ್ತಿದ್ದಾರೆ, ಹೆಸರು ಬದಲಾಗಬೇಕು, ಹಲಗೆ ಗಟ್ಟಿಯಾಗಿದೆ, ಕೈಯಲ್ಲೇ ಬರೆಸೋಣ ಎಂದು ಮಗನ ಆಸೆ. ಲೋಕೇಶ ಏಣಿ, ಕೆರೆಯುವ ತಗಡು, ಡಬ್ಬಿ ಎಲ್ಲ ಹೊತ್ತು ಒಂಬತ್ತು ಗಂಟೆಗೆ ಹೋದ. ಏಣಿ ಹತ್ತಿ, ತಗಡನ್ನು ಹಲಗೆಗೆ ಇಟ್ಟ. ಆಮೇಲೆ ತೆಗೆದ. ಇಳಿದು ಬಂದು ಮಗಳಿಗೆ ಫೋನು ಮಾಡಿದ.

"ಮಂಜುನಾಥ ಭವನದ ಬೋರ್ಡು ಕೆರೀತಾವ್ನಿ. ಕೆರೆಯೋಕ್ ಮುಂಚೆ ಬಂದು ಫೋಟೋ ತಗೊಂಡ್ ಹೋಗು."

"ಒಂದು ಗಂಟೆ ತನಕ ರಜಾ ಸಿಗಲ್ಲ."

"ಕಾಯ್ತೀನಿ."

ಹೋಟೆಲಿನ ಮುಂದಿನ ಕಟ್ಟೆಯ ಮೇಲೆ ಕೂತ. ಹತ್ತಾಯಿತು, ಹನ್ನೊಂದಾಯಿತು. ಸುಂದರೇಶರು ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ ತಡೆಯಲಾಗಲಿಲ್ಲ. "ಏನ್ ಲೋಕೇಶಪ್ಪ, ಇನ್ನೂ ಮುಹೂರ್ತ ಬಂದಿಲ್ವಾ? ಈ ಸಲಾನೂ ಅರ್ಧಕ್ಕೇ ಬಿಟ್ಟೋಗೋ ಯೋಚನೆಯೋ? ಸುಣ್ಣ ಹೊಡೆಯೋನ್ನ ಕರೀಲೋ?"

ಲೋಕೇಶನ ಕಿವಿ ಕೆಂಪಾಯಿತು. ತಗಡನ್ನು ಗಟ್ಟಿಯಾಗಿ ಹಿಡಿದುಕೊಂಡ. "ನನ್ನ ಮಗಳು ಬರಬೇಕು. ಅಲ್ಲೀಗಂಟ ಕೆರೆಯಂಗಿಲ್ಲ. ಬೈಯಂಗಿದ್ರೆ ಬೈದ್ಬುಡಿ, ಕೂತಿದೀನಿ."

ಸುಂದರೇಶರು ಬೆರಗಾಗಿ ನೋಡಿ, ಒಳಗಿನಿಂದ ಒಂದು ಲೋಟ ಕಾಫಿ ಕಳಿಸಿದರು.

ಒಂದೂಕಾಲಿಗೆ ಹೇಮಶ್ರೀ ಬಂದಳು. ಅಪ್ಪನ ಕಡೆ ಒಂದು ಸಲ ತಲೆ ಆಡಿಸಿ ಸೀದಾ ಬೋರ್ಡಿನ ಕೆಳಗೆ ನಿಂತಳು. ಎದುರಿನಿಂದ ತೆಗೆದಳು, ರಸ್ತೆ ದಾಟಿ ಹೋಗಿ ತೆಗೆದಳು, ಏಣಿ ಹತ್ತಿ ಒಂದೊಂದು ಅಕ್ಷರವನ್ನೂ ತೆಗೆದಳು. ಲೋಕೇಶ ಏಣಿಯ ಕಾಲು ಹಿಡಿದುಕೊಂಡಿದ್ದ.

"ಆವತ್ತೂ ಇದನ್ನ ತೆಗೆದಿದ್ದೆ" ಅಂದಳು ಮೇಲಿನಿಂದ. "ಒಂದೇ ಬೋರ್ಡು, ಎರಡು ಕೆಂಪು. ಯಾಕೆ ಅಂತ ಗೊತ್ತಾಗ್ಲಿಲ್ಲ. ಬಿಸಿಲಿಗೆ ಹಂಗಾಗಿರ್ಬೇಕು ಅಂತ ಪುಟದಲ್ಲಿ ಬರೆದಿದ್ದೆ."

"ಬಿಸಿಲಲ್ಲ."

"ಮತ್ತೆ?"

ಲೋಕೇಶ ಹೋಟೆಲಿನೊಳಗೆ ನೋಡಿದ. ಸುಂದರೇಶರು ಗಲ್ಲಾದಲ್ಲಿ ಇದ್ದರು. ಧ್ವನಿ ತಗ್ಗಿಸಿ, ಸುಣ್ಣದ ಮಾತು, ಸೈಕಲ್ಲಿಗೆ ಕಟ್ಟಿದ ಏಣಿ, ನಾಲ್ಕು ತಿಂಗಳು, ಒಣಗಿ ಕಲ್ಲಾದ ಡಬ್ಬಿ, ಒಂದನ್ನೂ ಬಿಡದೆ ಹೇಳಿದ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಅವಳು ನಗಲಿಲ್ಲ. ಏಣಿಯ ಮೇಲೇ ನಿಂತು ಫೋನಿನಲ್ಲಿ ಅಷ್ಟನ್ನೂ ಬರೆದುಕೊಂಡಳು.

"ನಿನ್ನ ಸಿಟ್ಟಿಗೆ ಹೊಡೆದ ಬಣ್ಣ" ಅಂದಳು. ಇಳಿದು ಬಂದಳು.

ಲೋಕೇಶ ತಗಡು ಎತ್ತಿಕೊಂಡ.

"ತಡಿ, ಫೋಟೋನ ಎರಡು ಕಡೆ ಉಳಿಸ್ತಾ ಇದೀನಿ. ಇನ್ನೂ ಹೋಗ್ತಾ ಇದೆ."

ಇಬ್ಬರೂ ಫೋನನ್ನೇ ನೋಡುತ್ತ ನಿಂತರು. ಸಣ್ಣ ಚಕ್ರವೊಂದು ಸುತ್ತುತ್ತಿತ್ತು. ಲೋಕೇಶ ಕಾಲು ಬದಲಿಸಿ ನಿಂತ.

"ಇದು ಎಷ್ಟನೇದು?" ಅಂದ ಕೊನೆಗೆ.

"ಹದಿನಾಲ್ಕು."

"ನಲವತ್ತೆರಡಕ್ಕೆ ಇನ್ನೂ..."

"ಆ ನಲವತ್ತೆರಡು ಬರಲ್ಲಪ್ಪ. ಇವು ಬೇರೆ." ಚಕ್ರ ನಿಂತಿತು. 'ಆಯ್ತು' ಎಂಬಂತೆ ತಲೆ ಆಡಿಸಿ ಫೋನನ್ನು ಚೀಲಕ್ಕೆ ಹಾಕಿದಳು. ಲಗ್ನಪತ್ರಿಕೆ ಅಂಗಡಿಗೆ ಹೊತ್ತಾಗಿತ್ತು. ಕಾಫಿ ಕುಡಿದು ಹೋಗು ಎಂದದ್ದಕ್ಕೆ ಬೇಡ ಅಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಮುಂದಿನದು ಕೆರೆಯೋವಾಗ್ಲೂ ಹೇಳು" ಅಂದಳು.

ಅವಳು ತಿರುವಿನಲ್ಲಿ ಮರೆಯಾಗುವ ತನಕ ಲೋಕೇಶ ನೋಡಿದ. ಆಮೇಲೆ ಏಣಿ ಹತ್ತಿ ಕೆರೆಯಲು ಶುರು ಮಾಡಿದ. ಎರಡೂ ಕೆಂಪು ಒಂದೇ ಥರ ಪುಡಿಯಾಗಿ ಅವನ ಕೈ ಮೇಲೆ ಉದುರಿತು.